ಒಂದು ಕೊಂಡಿ ತುಂಡಾದರೆ

ಹುಕ್ಕೇರಿ ತಾಲ್ಲೂಕಿನ ಹಿಡಕಲ್‌ನಲ್ಲಿ ಘಟಪ್ರಭೆಯನ್ನು ತಡೆದು ನಿಲ್ಲಿಸಿರುವ ರಾಜಾ ಲಖಮಗೌಡ ಜಲಾಶಯದ ಸಾಮರ್ಥ್ಯ 51 ಟಿಎಂಸಿ. ಅಲ್ಲಿಂದ ಬಿಟ್ಟ ನೀರು ಧೂಪದಾಳದ ಒಡ್ಡು ದಾಟಿ, ಗೋಕಾಕ ಜಲಪಾತದಲ್ಲಿ ಧುಮುಕಿ, ಮೂಡಲಗಿ ತಾಲ್ಲೂಕಿನ ಹೊಲಗಳ ಪಕ್ಕದಲ್ಲಿ ಸಾಗುತ್ತದೆ. 2019ರ ಆಗಸ್ಟ್‌ನಲ್ಲಿ ಇದೇ ನದಿ ಗೋಕಾಕ ಪಟ್ಟಣದೊಳಕ್ಕೆ ನುಗ್ಗಿತ್ತು. ಅಣೆಕಟ್ಟಿನ ಗೇಟು ಹೇಗೆ ಕೆಲಸ ಮಾಡುತ್ತದೆ ಎಂಬುದು ಈ ಮೂರೂ ತಾಲ್ಲೂಕಿನವರ ಮನೆಯ ವಿಷಯ.

60 ಅಡಿ ಅಗಲ, 20 ಅಡಿ ಎತ್ತರದ ಕ್ರಸ್ಟ್ ಗೇಟಿನ (ಅಣೆಕಟ್ಟಿನ ನೆತ್ತಿಯಲ್ಲಿ ಕೂರಿಸಿದ ಗೇಟು) ತುದಿವರೆಗೆ ನೀರು ನಿಂತರೆ, ಅದನ್ನು ಹೊರಕ್ಕೆ ನೂಕುವ ಬಲ ಸುಮಾರು 340 ಟನ್. ಆಳ ಹೆಚ್ಚಿದಂತೆ ಒತ್ತಡವೂ ಹೆಚ್ಚುವುದರಿಂದ, ನೀರು ಅರ್ಧಕ್ಕೆ ಇಳಿದರೆ ಈ ಬಲ ಕಾಲು ಭಾಗಕ್ಕೆ ಕುಸಿಯುತ್ತದೆ. ನೂಕುವ ಬಲವನ್ನು ಎರಡೂ ಬದಿಯ ಗೋಡೆಗಳು ಹೊರುತ್ತವೆ. ಗೇಟನ್ನು ಎತ್ತುವ ಚೈನಿನ ಪಾಲಿಗೆ ಗೇಟಿನ ತೂಕ, ಅದರ ಜೊತೆಗೆ ಎತ್ತುವಾಗಿನ ತಿಕ್ಕಾಟ. ತುಕ್ಕು ಹಿಡಿದು ಗೇಟು ಉರುಳುವ ಗಾಲಿಗಳು ಬಿಗಿದರೆ ತಿಕ್ಕಾಟ ಏರುತ್ತದೆ. ಅತ್ತ ಅದೇ ತುಕ್ಕು ಚೈನಿನ ಕೊಂಡಿಯನ್ನೂ ಸವೆಸುತ್ತಿರುತ್ತದೆ.

2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟಿನಲ್ಲಿ ಚೈನ್ ತುಂಡಾಗಿ 19ನೇ ಗೇಟು ಕೊಚ್ಚಿಹೋಯಿತು. ಅದೊಂದರಿಂದಲೇ ಸುಮಾರು 35 ಸಾವಿರ ಕ್ಯೂಸೆಕ್ ನೀರು ಹರಿಯತೊಡಗಿತು. ಒತ್ತಡ ತಗ್ಗಿಸಲು ಉಳಿದ 32 ಗೇಟುಗಳನ್ನೂ ತೆರೆಯಬೇಕಾಯಿತು. ಎಪ್ಪತ್ತು ವರ್ಷದ ಆ ಅಣೆಕಟ್ಟಿಗೆ ತುರ್ತಿನಲ್ಲಿ ಕಿಂಡಿ ಮುಚ್ಚಲು ಇಳಿಸುವ ತಾತ್ಕಾಲಿಕ ತಡೆ, ಅಂದರೆ ಸ್ಟಾಪ್‌ಲಾಗ್, ಸಿದ್ಧವಿರಲಿಲ್ಲ. ತಜ್ಞ ಕನ್ನಯ್ಯ ನಾಯ್ಡು ಅವರ ತಂಡ ಹೊಸದಾಗಿ ಮಾಡಿಸಿದ ಉಕ್ಕಿನ ತುಂಡುಗಳನ್ನು ಹರಿಯುವ ನೀರಿನಲ್ಲೇ ಒಂದರ ಮೇಲೊಂದು ಕೂರಿಸಿ ವಾರದೊಳಗೆ ಕಿಂಡಿ ಮುಚ್ಚಿತು. ಅವರ ಸಾಹಸ ದೊಡ್ಡದು. ಆದರೆ ಸಾಹಸ ಬೇಕಾದದ್ದೇ ಮೊದಲ ಲೋಪ.

ಎಂಜಿನಿಯರಿಂಗಿನಲ್ಲಿ ಆಕಸ್ಮಿಕ ಭಾರಕ್ಕೆ ಬೇರೆಯದೇ ಲೆಕ್ಕ ಉಂಟು. ಒಂದು ಅಂಗ ಮುರಿದ ಮೇಲೂ ಉಳಿದದ್ದು ನಿಲ್ಲಬೇಕು. ಸಮುದ್ರದಲ್ಲಿ ಗಾಳಿಯಂತ್ರ ನಿಲ್ಲಿಸುವವರು ಹಡಗು ಬಂದು ಗುದ್ದುವುದನ್ನೂ ಮೊದಲೇ ಎಣಿಸುತ್ತಾರೆ. 2023ರ ಏಪ್ರಿಲ್‌ನಲ್ಲಿ ಜರ್ಮನಿಯ ಕರಾವಳಿಯಾಚೆ 'ಪೆಟ್ರಾ ಎಲ್' ಎಂಬ ಸರಕು ಹಡಗು ಅಂಥದೊಂದಕ್ಕೆ ಬಡಿಯಿತು. ಹಡಗಿನ ಪಕ್ಕೆ ಹರಿಯಿತು, ಗಾಳಿಯಂತ್ರ ನಿಂತೇ ಇತ್ತು.

ಅಣೆಕಟ್ಟಿಗೂ ಇಂಥದೇ ಮುನ್ನೆಚ್ಚರಿಕೆ ಬೇಕು. 2021ರ ಅಣೆಕಟ್ಟು ಸುರಕ್ಷತಾ ಕಾಯ್ದೆ ಮಳೆಗಾಲದ ಮುಂಚೆ ಮತ್ತು ನಂತರ ತಪಾಸಣೆಯನ್ನು ಕಡ್ಡಾಯ ಮಾಡಿದೆ. ತುರ್ತು ಕ್ರಿಯಾ ಯೋಜನೆಯನ್ನೂ ಕೇಳುತ್ತದೆ. ಹಿಡಕಲ್ ಗೇಟುಗಳ ಚೈನು, ಗಾಲಿ, ಸ್ಟಾಪ್‌ಲಾಗ್‌ಗಳ ಸ್ಥಿತಿ ಏನೆಂದು ಪ್ರತಿ ಮೇ ತಿಂಗಳಲ್ಲಿ ನದಿದಂಡೆಯ ಗ್ರಾಮ ಪಂಚಾಯಿತಿಗಳು ಲಿಖಿತವಾಗಿ ಕೇಳಲಿ, ಉತ್ತರವನ್ನು ಕನ್ನಡದಲ್ಲೇ ಪಡೆಯಲಿ.