ತುರ್ಕಿಯವರ ಹೊಟೇಲಿನಲ್ಲಿ

ಒಂಬತ್ತನೆಯ ತರಗತಿಯ ಹುಡುಗನೊಬ್ಬ ಕನ್ನಡ ಪಾಠದ ನಡುವೆ ಎದ್ದು ನಿಂತು, “ಮಾಷ್ಟ್ರೇ, ಶವರ್ಮ ಎಂಬುದು ಯಾವ ಭಾಷೆಯ ಶಬ್ದ?” ಎಂದು ಕೇಳಿದ. ಆ ದಿನದ ಪಾಠ ಅನ್ಯದೇಶ್ಯ ಶಬ್ದಗಳ ವಿಚಾರವಾಗಿತ್ತು. ಖಜಾಂಚಿ, ಸಾಬೂನು, ಹಿಸಾಬು, ಬಾಕಿ ಎಂದು ನಾವು ಹಲಗೆಯ ಮೇಲೆ ಪಟ್ಟಿ ಬರೆಯುತ್ತಿದ್ದೆವು. ತರಗತಿಯೆಲ್ಲ ನಕ್ಕಿತು. “ಅರಬಿ ಇರಬೇಕು” ಎಂದು ಹೇಳಿ ಅವನನ್ನು ಕುಳ್ಳಿರಿಸಿದೆವು. ಅದು ಅರ್ಧ ಮಾತ್ರ ಸರಿಯಾದ ಉತ್ತರ. ಉಳಿದರ್ಧ ನಮಗೆ ದೊರೆತದ್ದು 2024ರ ಮೇ ತಿಂಗಳಲ್ಲಿ, ಇಸ್ತಾಂಬುಲ್ ನಗರದ ಒಂದು ಬೀದಿಯ ಅಂಗಡಿಯ ಮುಂದೆ.

ನಮ್ಮ ಶಾಲೆಯ ಹಳೆ ವಿದ್ಯಾರ್ಥಿಯೊಬ್ಬ ಬಹಳ ಕಾಲ ಗಲ್ಫಿನಲ್ಲಿದ್ದು ಈಗ ಅಲ್ಲಿ ಉದ್ಯೋಗದಲ್ಲಿದ್ದಾನೆ. ಅವನ ಒತ್ತಾಯಕ್ಕೆ ಕಟ್ಟುಬಿದ್ದು ನಾವೂ ನಮ್ಮ ಸಹೋದ್ಯೋಗಿಗಳಾದ ಗಣಿತದ ಮಾಷ್ಟ್ರೂ ಐದು ದಿನ ಅಲ್ಲಿದ್ದು ಬಂದೆವು. ಮಸೀದಿ, ಅರಮನೆ, ಸಮುದ್ರಗಳ ವರ್ಣನೆ ಪ್ರವಾಸ ಕಥನಗಳಲ್ಲಿ ಬೇಕಾದಷ್ಟು ಉಂಟು. ನಾವು ಬರೆಯುವುದು ಊಟದ ಸಂಗತಿ. ನಮ್ಮ ಮಕ್ಕಳಲ್ಲಿ ಅನೇಕರು ನಾಳೆ ಹೊಟ್ಟೆಪಾಡಿಗಾಗಿ ಕಡಲಾಚೆ ಹೋಗುವವರು. ಗುರುತಿಲ್ಲದ ಊರಿನಲ್ಲಿ ಮೊದಲು ಕಾಡುವುದು ಹಸಿವು. ಬೋರ್ಡು ಓದಲು ಬಾರದು, ಬೆಲೆ ತಿಳಿಯದು, ಪಾತ್ರೆಯೊಳಗೆ ಏನುಂಟೆಂದು ಗೊತ್ತಾಗದು. ನಾವು ಮೀನು ಮಾಂಸ ತಿನ್ನುವವರು; ಗಣಿತದ ಮಾಷ್ಟ್ರು ಹುಟ್ಟಿದಂದಿನಿಂದ ಮುಟ್ಟಿದವರಲ್ಲ. ಅವರ ಚೀಲದಲ್ಲಿ ಬಟ್ಟೆಗಿಂತ ಅವಲಕ್ಕಿಯೇ ಹೆಚ್ಚಾಗಿತ್ತು.

ಮೊದಲ ದಿನ ಮಧ್ಯಾಹ್ನ ಶಿಷ್ಯನಿಗೆ ಕೆಲಸವಿತ್ತು. ನಾವಿಬ್ಬರೇ ಹೊರಟೆವು. ತುರ್ಕಿಯವರು 1928ರಲ್ಲಿ ಅರಬಿ ಲಿಪಿಯನ್ನು ಬಿಟ್ಟು ರೋಮನ್ ಲಿಪಿಯನ್ನು ಹಿಡಿದವರಾದ್ದರಿಂದ ಇಂಗ್ಲಿಷ್ ಬಲ್ಲವರಿಗೆ ಅಲ್ಲಿನ ಬೋರ್ಡು ಓದಬಹುದೆನಿಸುತ್ತದೆ. ಆದರೆ ಹಾಗೆ ಓದಿದರೆ ತಪ್ಪುತ್ತದೆ. ಸಿ ಅಕ್ಷರವನ್ನು ಅವರು ಜ ಎನ್ನುತ್ತಾರೆ. ಅದರ ಅಡಿಯಲ್ಲಿ ಒಂದು ಸಣ್ಣ ಬಾಲವಿದ್ದರೆ ಚ. ಎಸ್ ಅಕ್ಷರಕ್ಕೆ ಬಾಲವಿದ್ದರೆ ಶ. ಇಷ್ಟು ತಿಳಿದ ಮೇಲೆ ಬೀದಿಯ ಬೋರ್ಡುಗಳು ಮಾತನಾಡತೊಡಗಿದವು. ಕೆಬಾಪ್‌ಚಿ ಎಂದರೆ ಕಬಾಬು ಮಾಡುವವನ ಅಂಗಡಿ, ಕೊಫ್ತೆಜಿ ಎಂದರೆ ಕೋಫ್ತಾ ಮಾಡುವವನದು. ಈ ‘ಚಿ’, ‘ಜಿ’ ನಮ್ಮ ‘ಗಾರ’ ಪ್ರತ್ಯಯದ ಹಾಗೆ. ಶಾಲಾ ಸಂಘದ ಹಣ ನೋಡಿಕೊಳ್ಳುವ ಖಜಾಂಚಿಯ ಕೊನೆಯಲ್ಲಿರುವುದೂ ಇದೇ ತುರ್ಕಿ ಪ್ರತ್ಯಯ. ವ್ಯಾಕರಣ ಹೇಳಿಕೊಡುವವರಿಗೆ ಹೀಗೆ ಬೀದಿಯಲ್ಲಿ ಪ್ರತ್ಯಯ ಸಿಕ್ಕಿದರೆ ಹಸಿವು ಮರೆತುಹೋಗುತ್ತದೆ. ಗಣಿತದ ಮಾಷ್ಟ್ರಿಗೆ ಮರೆತುಹೋಗಲಿಲ್ಲ.

ಹೊಸಬರಿಗೆ ಅಲ್ಲಿ ಅನುಕೂಲವಾದದ್ದು ಲೊಕಾಂತ ಎಂಬ ಊಟದ ಮನೆ. ಹೆಸರು ಇಟಲಿಯಿಂದ ಬಂದದ್ದು. ಅದರಲ್ಲಿಯೂ ಎಸ್ನಾಫ್ ಲೊಕಾಂತ ಎಂದರೆ ಅಂಗಡಿಯವರು, ಕಸಬುದಾರರು ಮಧ್ಯಾಹ್ನ ಉಣ್ಣುವ ಸ್ಥಳ. ಬೆಳಿಗ್ಗೆ ಬೇಯಿಸಿದ ಹತ್ತಿಪ್ಪತ್ತು ಬಗೆಯ ಅಡಿಗೆಯನ್ನು ಗಾಜಿನ ಹಿಂದೆ ಬಿಸಿಯಾಗಿ ಸಾಲಾಗಿ ಇಟ್ಟಿರುತ್ತಾರೆ. ಬೆರಳು ತೋರಿಸಿದರೆ ಸಾಕು, ಬಡಿಸಿ ಕೊಡುತ್ತಾರೆ. ಒಳಗೆ ಕಾಲಿಟ್ಟೊಡನೆ “ಹೋಶ್ ಗೆಲ್ದಿನಿಜ್” ಎಂದು ಸ್ವಾಗತಿಸಿದರು. ಈ ಹೋಶ್, ನಮ್ಮ ಖುಷಿ, ಎರಡೂ ಒಂದೇ ಪಾರಸಿ ಮೂಲದವು.

ಮೊದಲು ಮೆರ್ಜಿಮೆಕ್ ಚೊರ್ಬಾ ತೆಗೆದುಕೊಂಡೆವು. ಕೆಂಪು ಮಸೂರ ಬೇಳೆಯನ್ನು ನುಣ್ಣಗೆ ಬೇಯಿಸಿದ ಸಾರು. ಮೇಲೆ ನಿಂಬೆರಸ ಹಿಂಡಿಕೊಳ್ಳಬೇಕು. ಒಗ್ಗರಣೆಗೆ ಸಾಸಿವೆ, ಬೇವಿನ ಸೊಪ್ಪು ಇಲ್ಲ. ಬೆಣ್ಣೆಯಲ್ಲಿ ಕೆಂಪುಮೆಣಸು, ಒಣ ಪುದೀನ. ನಮ್ಮ ತೊವ್ವೆಯ ದೂರದ ನಂಟ ಎನ್ನಬಹುದು. ಪಕ್ಕದಲ್ಲಿ ಪಿಲಾವ್. ಅದರ ಹೆಸರು ಯಾರಿಗೆ ಗೊತ್ತಿಲ್ಲ? ಮೂರನೆಯದಾಗಿ ಗಣಿತದ ಮಾಷ್ಟ್ರು ಸೀಳಿದ ಬದನೆಯೊಂದನ್ನು ತೋರಿಸಿದರು. ಎಣ್ಣೆಯಲ್ಲಿ ಮಿಂದು ಹೊಳೆಯುತ್ತಿತ್ತು, ಮೇಲೆ ಟೊಮೆಟೊ, ಹಸಿಮೆಣಸು. ಬಡಿಸುವವನು ಕೈಯಲ್ಲಿ ಸೌಟು ಹಿಡಿದವನೇ ಇವರ ಮುಖ ನೋಡಿ “ಕಿಯ್ಮಾ” ಎಂದ. ನಮಗೆ ಎದೆ ಧಸಕ್ಕೆಂದಿತು. ನಮ್ಮ ಪೇಟೆಯ ಖೀಮಾ ಎಂಬ ಶಬ್ದ ಹೊರಟದ್ದೇ ಅಲ್ಲಿಂದ, ಕೊಚ್ಚಿದ ಮಾಂಸ! “ಬೇಡ, ಬೇಡ” ಎಂದು ಇಬ್ಬರೂ ಕೈಯಾಡಿಸಿದೆವು.

ಆ ಬದನೆಯ ಗುಟ್ಟು ಇಷ್ಟೇ. ಕಾರ್ನಿಯಾರಿಕ್ ಎಂಬುದರ ಹೊಟ್ಟೆಯಲ್ಲಿ ಖೀಮಾ ಇರುತ್ತದೆ, ಬಿಸಿಯಾಗಿ ಬಡಿಸುತ್ತಾರೆ. ನೋಡಲು ಅದರ ತಮ್ಮನಂತಿರುವ ಇಮಾಮ್ ಬಾಯಿಲ್ದಿಯ ಹೊಟ್ಟೆಯಲ್ಲಿ ಬರೇ ನೀರುಳ್ಳಿ, ಬೆಳ್ಳುಳ್ಳಿ, ಟೊಮೆಟೊ. ಆಲಿವ್ ಎಣ್ಣೆಯಲ್ಲಿ ಬೇಯಿಸಿ, ಆರಿಸಿ ಕೊಡುತ್ತಾರೆ. ಹೆಸರಿನ ಅರ್ಥ ‘ಇಮಾಮರು ಮೂರ್ಛೆ ಹೋದರು’ ಎಂದು. ರುಚಿಗೆ ಮೂರ್ಛೆ ಹೋದರೆನ್ನುವವರು ಕೆಲವರು, ಸುರಿದ ಎಣ್ಣೆಯ ಖರ್ಚು ಕೇಳಿ ಹೋದರೆನ್ನುವವರು ಕೆಲವರು. ಬದನೆಗೆ ಅವರು ಪಾತ್ಲಿಜಾನ್ ಎನ್ನುತ್ತಾರೆ. ಈ ತರಕಾರಿ ನಮ್ಮ ಕಡೆಯಿಂದ ಪಶ್ಚಿಮಕ್ಕೆ ಹೋದದ್ದು. ಸಂಸ್ಕೃತದ ವಾತಿಂಗಣ ಪಾರಸಿಗೆ, ಅಲ್ಲಿಂದ ಅರಬಿಗೆ, ಮತ್ತೆ ತುರ್ಕಿಗೆ ಹೋಗಿ ಹೀಗಾಯಿತು. ಆ ಸಂಸ್ಕೃತ ಶಬ್ದಕ್ಕೂ ಮಲಯಾಳದ ವಳುದನಕ್ಕೂ ನಂಟು ಹೇಳುವ ವಿದ್ವಾಂಸರಿದ್ದಾರೆ. ಎರಡು ಭಾಷೆಗಳ ನಡುವೆ ಬೆಳೆಯುವ ನಮ್ಮ ಕಾಸರಗೋಡಿನ ಮಕ್ಕಳಿಗೆ ಇದು ಬೇಗ ಹಿಡಿಸೀತು.

ಖೀಮಾದಿಂದೇನೋ ಪಾರಾದೆವು. ಆದರೆ ಗಣಿತದ ಮಾಷ್ಟ್ರು ನಿಶ್ಚಿಂತೆಯಿಂದ ಎರಡು ತಟ್ಟೆ ಉಂಡ ಪಿಲಾವನ್ನು ಹಲವು ಕಡೆ ಕೋಳಿ ಬೇಯಿಸಿದ ನೀರಿನಲ್ಲಿ ಮಾಡುತ್ತಾರೆಂದು ಶಿಷ್ಯ ರಾತ್ರಿ ತಿಳಿಸಿದ. ಬೇಳೆ ಸಾರಿನಲ್ಲೂ ಮಾಂಸದ ನೀರು ಇರುವುದುಂಟಂತೆ. ಮಾಷ್ಟ್ರು ಬಹಳ ಹೊತ್ತು ಮಾತನಾಡಲಿಲ್ಲ. “ಹೆಸರು ಗೊತ್ತಿದೆ ಎಂದು ನಂಬಿಬಿಟ್ಟೆ” ಎಂದಷ್ಟೇ ಹೇಳಿ ಅವಲಕ್ಕಿಯ ಕಟ್ಟು ಬಿಚ್ಚಿದರು. ಅವರ ಆ ರಾತ್ರಿಯ ಮುಖ ನೋಡಿ ನಮಗೆ ನಗು ಬರಲಿಲ್ಲ. ಅರುವತ್ತು ವರ್ಷ ಕಾಪಾಡಿಕೊಂಡು ಬಂದ ನಿಯಮ ಅವರದು.

ಮರುದಿನ ಅವರು ಪುಟ್ಟ ಪುಸ್ತಕದಲ್ಲಿ ನಾಲ್ಕು ಶಬ್ದ ಬರೆದುಕೊಂಡರು. ಎತ್ ಎಂದರೆ ಮಾಂಸ. ಎತ್ ಸುಯು ಎಂದರೆ ಮಾಂಸದ ನೀರು. ತವುಕ್ ಎಂದರೆ ಕೋಳಿ. ಯೋಕ್ ಎಂದರೆ ಇಲ್ಲ. ಕೋಳಿಯನ್ನು ಬೇರೆಯಾಗಿಯೇ ಕೇಳಬೇಕು. ಎತ್ ಎಂದರೆ ಅಲ್ಲಿಯ ಅನೇಕರ ಮನಸ್ಸಿಗೆ ಬರುವುದು ಕುರಿ, ದನದ ಮಾಂಸ ಮಾತ್ರ. ಇನ್ನೊಂದು ಉಪಾಯವನ್ನೂ ಶಿಷ್ಯ ಕಲಿಸಿದ. ಜೆಯ್ತಿನ್‌ಯಾಲಿ ಎಂಬ ವರ್ಗದ ಅಡಿಗೆಗಳೆಂದರೆ ಆಲಿವ್ ಎಣ್ಣೆಯಲ್ಲಿ ಬೇಯಿಸಿ, ಆರಿಸಿ ಬಡಿಸುವ ತರಕಾರಿಗಳು; ಇವುಗಳಲ್ಲಿ ಸಾಮಾನ್ಯವಾಗಿ ಮಾಂಸವಿರುವುದಿಲ್ಲ. ದ್ರಾಕ್ಷಿ ಎಲೆಯಲ್ಲಿ ಅಕ್ಕಿ ತುಂಬಿಸಿ ಸುತ್ತಿದ ಸರ್ಮಾ ಇದರಲ್ಲಿ ಸೇರುತ್ತದೆ. ಕೆಸುವಿನೆಲೆಯ ಪತ್ರೊಡೆ ತಿಂದವರಿಗೆ ಎಲೆ ಸುತ್ತುವ ಆ ಕೈಚಳಕ ಹೊಸತಲ್ಲ. ಆದರೆ ಅದೇ ಸರ್ಮಾ ಬಿಸಿಬಿಸಿಯಾಗಿ ಮೊಸರಿನೊಂದಿಗೆ ಬಂದರೆ ಒಳಗೆ ಖೀಮಾ ಇರುವ ಸಂಭವ ಹೆಚ್ಚು. ಕುಡಿಯಲು ಐರಾನ್ ನಿರಾತಂಕ. ಮೊಸರು, ನೀರು, ಉಪ್ಪು ಸೇರಿಸಿ ನೊರೆ ಬರಿಸಿದ ಮಜ್ಜಿಗೆ; ಶುಂಠಿ, ಹಸಿಮೆಣಸು ಇಲ್ಲದ್ದೊಂದು ಕೊರತೆ.

ಸಿಹಿಯಲ್ಲೂ ಒಂದು ಕಂಟಕ ಕಾದಿತ್ತು. ಸುತ್ಲಾಚ್ ಎಂಬುದು ಅಕ್ಕಿ, ಹಾಲು, ಸಕ್ಕರೆಯ ಪಾಯಸ. ಮೇಲ್ಮೈಯನ್ನು ಒಲೆಯಲ್ಲಿ ಕಂದಿಸಿ, ತಣಿಸಿ ಕೊಡುತ್ತಾರೆ. ಅದರ ಪಕ್ಕದಲ್ಲೇ ಇನ್ನೊಂದು, ಹಾಲಿನಷ್ಟು ಬಿಳುಪಾದದ್ದು. ಅದನ್ನು ತೋರಿಸುವ ಮೊದಲು ಮಾಷ್ಟ್ರು ಪುಸ್ತಕ ತೆರೆದು ಅಭ್ಯಾಸ ಬಲದಿಂದ “ತವುಕ್?” ಎಂದರು. ಪಾಯಸದಲ್ಲಿ ಕೋಳಿಯೇ ಎಂದು ನಾವು ನಗುವಷ್ಟರಲ್ಲಿ ಆತ ಹೌದೆಂದು ತಲೆಯಾಡಿಸಿದ. ತವುಕ್ ಗೊಯ್ಸು ಎಂದು ಅದರ ಹೆಸರು. ಕೋಳಿಯ ಎದೆಮಾಂಸವನ್ನು ಎಳೆ ಎಳೆಯಾಗಿ ಬಿಡಿಸಿ ಹಾಲಿನಲ್ಲಿ ಕುದಿಸಿದ ಸಿಹಿ. ಆ ಮೇಲೆ ಮಾಷ್ಟ್ರ ಪುಸ್ತಕವನ್ನು ನಾವು ಹಾಸ್ಯ ಮಾಡಲಿಲ್ಲ.

ಇನ್ನು ಹಣದ ಮಾತು. ಎರಡನೆಯ ದಿನ ಸಂಜೆ ಕಡಲ ಬದಿಯ ಒಂದು ಹೊಟೇಲಿನಲ್ಲಿ ಕುಳಿತೊಡನೆ ಹುಡುಗನೊಬ್ಬ ದೊಡ್ಡ ತಟ್ಟೆಯಲ್ಲಿ ಹತ್ತಾರು ಸಣ್ಣ ಬಟ್ಟಲು ತಂದು ಹಿಡಿದ. ಮೊಸರು ಬೆರೆಸಿದ್ದು, ಬದನೆ ಸುಟ್ಟದ್ದು, ಅಳಸಂಡೆಯಂಥದ್ದು. ಇದಕ್ಕೆ ಮೆಜೆ ಎನ್ನುತ್ತಾರೆ. ನಮ್ಮೂರಲ್ಲಿ ಚಟ್ನಿ, ಉಪ್ಪಿನಕಾಯಿಗೆ ಬೇರೆ ದುಡ್ಡಿಲ್ಲವಷ್ಟೆ. ಅದೇ ಲೆಕ್ಕದಲ್ಲಿ ಐದು ಬಟ್ಟಲು ಇಳಿಸಿಕೊಂಡೆವು. ಬಿಲ್ಲಿಗೆ ಅಲ್ಲಿ ಹೆಸಾಪ್ ಎನ್ನುತ್ತಾರೆ, ನಮ್ಮ ಹಿಸಾಬೇ. ಹಿಸಾಬು ಬಂದಾಗ ಐದಕ್ಕೂ ಒಂದೊಂದರಂತೆ ಬೆಲೆ ಬಿದ್ದು, ಊಟಕ್ಕಿಂತ ಬಟ್ಟಲುಗಳದೇ ಹೆಚ್ಚಾಗಿತ್ತು. ಗಣಿತದ ಮಾಷ್ಟ್ರು ಕೂಡಿ ನೋಡಿದರು. ಕೂಡಿದ್ದರಲ್ಲಿ ತಪ್ಪಿರಲಿಲ್ಲ, ಮೋಸವೂ ಇರಲಿಲ್ಲ. 2024ರ ಜನವರಿ 1ರಿಂದ ಬೆಲೆಪಟ್ಟಿಯನ್ನು ಬಾಗಿಲಲ್ಲೂ ಮೇಜಿನಲ್ಲೂ ಇಡಬೇಕೆಂದು ಆ ದೇಶದಲ್ಲಿ ನಿಯಮವಾಗಿದೆ. ಪಟ್ಟಿ ನಮ್ಮ ಮೊಣಕೈಯ ಕೆಳಗೇ ಇತ್ತು. ಬಕ್ಷೀಸಿಗೆ ಅವರ ಶಬ್ದ ಬಾಹ್ಶಿಶ್ ಎಂಬುದನ್ನು ಆ ಹೊತ್ತಿನಲ್ಲಿ ಮಾಷ್ಟ್ರಿಗೆ ವಿವರಿಸುವ ಧೈರ್ಯ ನಮಗಾಗಲಿಲ್ಲ.

ಊಟದ ಮೇಲೆ ಚಾ. ಹಾಲಿಲ್ಲ, ಸೊಂಟ ಸಣ್ಣಗಿರುವ ಪುಟ್ಟ ಗಾಜಿನ ಲೋಟದಲ್ಲಿ ಕೆಂಪಗೆ ಬರುತ್ತದೆ. ಕಾಫಿಯೂ ಉಂಟು. ಬಾಬಾಬುಡನರು ಕಾಫಿ ಬೀಜ ತಂದರೆಂದು ಪ್ರತೀತಿಯಿರುವ ಯೆಮನಿನಿಂದಲೇ ಅದು ಹದಿನಾರನೆಯ ಶತಮಾನದಲ್ಲಿ ಇಸ್ತಾಂಬುಲಿಗೂ ಹೋಯಿತು. ಹಿಟ್ಟಿನಂಥ ಪುಡಿಯನ್ನು ಕುದಿಸಿ ಸೋಸದೆ ಕೊಡುತ್ತಾರೆ. ಚರಟ ತಳಕ್ಕಿಳಿಯುವಷ್ಟು ಹೊತ್ತು ಕಾದು, ಮೇಲಿನದನ್ನು ಮಾತ್ರ ಗುಟುಕರಿಸಬೇಕು. ನಾವು ಊರಿನ ಅಭ್ಯಾಸದಲ್ಲಿ ಲೋಟ ಎತ್ತಿ ಬರಿದು ಮಾಡಿ, ಬಾಯಿ ತುಂಬ ಚರಟ ತುಂಬಿಕೊಂಡೆವು.

ಕೊನೆಯ ದಿನ ಶಿಷ್ಯ ನಮ್ಮನ್ನು ದೊನೆರ್ ಅಂಗಡಿಗೆ ಕರೆದೊಯ್ದ. ನಿಲ್ಲಿಸಿದ ಕಂಬಿಯಲ್ಲಿ ಮಾಂಸದ ಗೋಪುರ, ಒಂದು ಪಕ್ಕದಲ್ಲಿ ಬೆಂಕಿ. ನಮ್ಮ ಪೇಟೆಯ ಶವರ್ಮವೇ! ದೊನೆರ್ ಎಂದರೆ ತಿರುಗುವುದು. ತಿರುಗಿಸುವುದು ಎಂಬುದಕ್ಕೆ ಅವರಲ್ಲಿ ಚೆವಿರ್ಮೆ ಎಂಬ ಶಬ್ದವುಂಟು. ತುರ್ಕರು ಆಳುತ್ತಿದ್ದ ಅರಬ್ ನಾಡುಗಳ ಬಾಯಲ್ಲಿ ಅದು ಶವರ್ಮ ಆಯಿತು. ಗಲ್ಫಿಗೆ ಹೋದ ನಮ್ಮವರ ಜೊತೆ ಕಾಸರಗೋಡಿಗೆ ಬಂತು. ಹುಡುಗನ ಪ್ರಶ್ನೆಗೆ ಉತ್ತರ ಇದೇ.

ಆದರೆ ನಮ್ಮ ಜಿಲ್ಲೆಯಲ್ಲಿ ಆ ಶಬ್ದವನ್ನು ಹಗುರವಾಗಿ ಆಡುವಂತಿಲ್ಲ. 2022ರ ಮೇ ತಿಂಗಳಲ್ಲಿ ಚೆರುವತ್ತೂರಿನಲ್ಲಿ ಶವರ್ಮ ತಿಂದ ಅನೇಕರು ಕಾಯಿಲೆ ಬಿದ್ದರು. ಹದಿನಾರು ವರ್ಷದ ವಿದ್ಯಾರ್ಥಿನಿಯೊಬ್ಬಳು ತೀರಿಕೊಂಡಳು. ಶಿಗೆಲ್ಲ ಎಂಬ ರೋಗಾಣು ಪತ್ತೆಯಾಯಿತು. ಆಮೇಲೆ ಕೇರಳ ಸರಕಾರ, ಕಟ್ಟಿಕೊಡುವ ಪೊಟ್ಟಣದ ಮೇಲೆ ತಯಾರಿಸಿದ ದಿನ ಮತ್ತು ಹೊತ್ತು ಬರೆದಿರಬೇಕು, ಒಂದು ಗಂಟೆಯೊಳಗೆ ತಿಂದು ಮುಗಿಸಬೇಕು ಎಂದು ವಿಧಿಸಿತು. ಹಸಿ ಮೊಟ್ಟೆಯ ಮೆಯೊನೀಸನ್ನು 2023ರ ಜನವರಿಯಲ್ಲಿ ನಿಷೇಧಿಸಿತು.

ಈ ಅಡಿಗೆಯ ರೀತಿಯನ್ನು ತಿಳಿದರೆ ಅಪಾಯ ಎಲ್ಲಿದೆಯೆಂದು ಕಾಣುತ್ತದೆ. ಗೋಪುರದ ಒಳಗಿನ ಮಾಂಸ ಹಸಿಯಾಗಿಯೇ ಇರುತ್ತದೆ, ಇರಬೇಕಾದದ್ದೂ ಹಾಗೆಯೇ. ಬೆಂಕಿಯ ಕಡೆ ತಿರುಗಿದ ಹೊರಪದರ ಮಾತ್ರ ಬೇಯುತ್ತದೆ. ಬೆಂದಷ್ಟನ್ನೇ ತೆಳ್ಳಗೆ ಹೆರೆಯಬೇಕು. ಅದರ ಅಡಿಯ ಪದರ ಬೇಯುವ ತನಕ ಕಾಯಬೇಕು. ಜನ ಹೆಚ್ಚಾಗಿ, ಅವಸರವಾಗಿ, ಬೆಂಕಿ ಮುಟ್ಟಿದ್ದಕ್ಕಿಂತ ಆಳಕ್ಕೆ ಕತ್ತಿ ಹೋಯಿತೋ, ಹಸಿಮಾಂಸ ರೊಟ್ಟಿಯೊಳಗೆ ಸೇರಿತು. ಗಿರಾಕಿಗಳಿಲ್ಲವೆಂದು ಬೆಂಕಿ ಆರಿಸಿ ಅರೆಬೆಂದದ್ದನ್ನು ಹಾಗೆಯೇ ನಿಲ್ಲಿಸಿದರೂ ಕೆಡುಕೇ.

ನಾವು ಹೋದಾಗ ಸಾಲಿನಲ್ಲಿ ಏಳೆಂಟು ಮಂದಿಯಿದ್ದರು. ಒಂದು ಸುತ್ತು ಹೆರೆದು ಮುಗಿದ ಮೇಲೆ ಆ ಕೆಲಸಗಾರ ಉದ್ದನೆಯ ಕತ್ತಿಯನ್ನು ಒರೆಸಿ ಪಕ್ಕಕ್ಕಿಟ್ಟು, ಬೆಂಕಿಯನ್ನು ಸ್ವಲ್ಪ ಏರಿಸಿ, ಕೈಕಟ್ಟಿ ನಿಂತುಬಿಟ್ಟ. ಮುಂದಿದ್ದವರೊಬ್ಬರು ಏನೋ ಅವಸರ ಮಾಡಿದರು. ಆತ ಗೋಪುರವನ್ನು ತೋರಿಸಿ ಒಂದೇ ಮಾತು ಹೇಳಿದ. “ಏನಂತೆ?” ಎಂದು ಗಣಿತದ ಮಾಷ್ಟ್ರು ಕೇಳಿದರು. “ಇನ್ನೂ ಆಗಲಿಲ್ಲ ಎಂದ, ಮಾಷ್ಟ್ರೇ” ಎಂದ ಶಿಷ್ಯ. ಯಾರೂ ಸಾಲು ಬಿಟ್ಟು ಹೋಗಲಿಲ್ಲ. ತನಗೇನೂ ಬೇಡದಿದ್ದರೂ ಮಾಷ್ಟ್ರು ಗಡಿಯಾರ ನೋಡುತ್ತ ನಮ್ಮೊಡನೆ ನಿಂತರು. ಆರು ನಿಮಿಷ ಕಳೆದ ಮೇಲೆ ಆತ ಮತ್ತೆ ಕತ್ತಿ ಎತ್ತಿಕೊಂಡ.