ವಸತಿಯ ಪ್ರಶ್ನೆಯೂ ಶ್ರೀಲಂಕೆಯೂ

ವಿಶ್ವಸಂಸ್ಥೆಯ ಮಹಾಸಭೆಯಲ್ಲಿ ಸಣ್ಣ ರಾಷ್ಟ್ರಗಳ ಪ್ರತಿನಿಧಿಗಳು ಮಾಡುವ ಭಾಷಣಗಳು ಬಹುಮಟ್ಟಿಗೆ ಮುದ್ರಿತ ವರದಿಗಳಲ್ಲಿಯೇ ಸಮಾಧಿಯನ್ನು ಹೊಂದುವುವು. 1980 ರಲ್ಲಿ ಶ್ರೀಲಂಕೆಯ ಪ್ರಧಾನಮಂತ್ರಿಗಳಾಗಿದ್ದ ರಣಸಿಂಘೆ ಪ್ರೇಮದಾಸರು ಅಲ್ಲಿ ಮಾಡಿದ ಒಂದು ಸೂಚನೆಗೆ ಆ ಗತಿಯು ಬರಲಿಲ್ಲ. ಸೂರಿಲ್ಲದ ಬಡವರಿಗಾಗಿ ಒಂದು ಅಂತಾರಾಷ್ಟ್ರೀಯ ವರ್ಷವನ್ನು ಮೀಸಲಿಡಬೇಕೆಂದು ಅವರು ಕೇಳಿದರು. ಎರಡು ವರ್ಷಗಳ ಚರ್ಚೆಯ ತರುವಾಯ, 1982 ರ ಡಿಸೆಂಬರಿನಲ್ಲಿ, ಮಹಾಸಭೆಯು 1987 ನೆಯ ಇಸವಿಯನ್ನು ನಿರ್ವಸತಿಕರ ವರ್ಷವೆಂದು ಸಾರಿತು. ಇಂತಹ ವರ್ಷಾಚರಣೆಗಳಲ್ಲಿ ನಮಗೆ ವಿಶೇಷ ಶ್ರದ್ಧೆಯಿಲ್ಲವೆಂಬುದನ್ನು ಮೊದಲೇ ಹೇಳಿಬಿಡುವೆವು. ಆದರೆ ಈ ಸೂಚನೆಯನ್ನು ಮಾಡಿದವರು ಬರಿಯ ಮಾತಿನವರಾಗಿರಲಿಲ್ಲ. ತಮ್ಮ ದೇಶದಲ್ಲಿ ಆ ಕಾರ್ಯಕ್ಕೆ ಕೈಹಾಕಿ ಅದರ ಕಷ್ಟವನ್ನು ಕಂಡವರಾಗಿದ್ದರು.

ವಸತಿಯ ಪ್ರಶ್ನೆಯನ್ನು ಜಗತ್ತು ಒಟ್ಟಾಗಿ ವಿಚಾರ ಮಾಡಿದುದು 1976 ರಲ್ಲಿ, ಕೆನಡಾ ದೇಶದ ವ್ಯಾಂಕೂವರ್ ನಗರದಲ್ಲಿ. ಅದರ ಫಲವಾಗಿ 1978 ರಲ್ಲಿ ವಿಶ್ವಸಂಸ್ಥೆಯ ವಸತಿ ಕೇಂದ್ರವು ನೈರೋಬಿಯಲ್ಲಿ ಸ್ಥಾಪಿತವಾಯಿತು. ಕೇಂದ್ರವಿತ್ತು, ಅಧಿಕಾರಿಗಳಿದ್ದರು, ಹಣವು ಮಾತ್ರ ಸಾಲದಾಗಿತ್ತು. ಅದಕ್ಕಿಂತ ಹೆಚ್ಚಾಗಿ, ಬಡದೇಶವೊಂದು ತನ್ನ ಬಡವರಿಗೆ ಮನೆಯನ್ನು ಒದಗಿಸುವ ಬಗೆ ಹೇಗೆಂಬ ಪ್ರಶ್ನೆಗೆ ಅನುಭವಸಿದ್ಧವಾದ ಉತ್ತರವು ಬೇಕಾಗಿತ್ತು.

ಕೊಲಂಬೊ ನಗರದ ಬಡವರು ವಾಸಿಸುವ ಕೇರಿಗಳಿಗೆ ಅಲ್ಲಿಯವರು ವತ್ತ ಎನ್ನುವರು. ತೋಟವೆಂದು ಆ ಪದಕ್ಕೆ ಅರ್ಥ. ಅಲ್ಲಿ ತೋಟವೇನೂ ಇಲ್ಲ. ಒಂದೇ ನಲ್ಲಿ, ಒಂದೆರಡು ಪಾಯಖಾನೆ, ಗೋಡೆಗೆ ಗೋಡೆ ತಗಲಿದ ಕೋಣೆಗಳು. ಪ್ರೇಮದಾಸರು ಬೆಳೆದುದು ಆ ನಗರದ ಕೆಸೆಲ್‌ವತ್ತ ಎಂಬ ಇಂತಹ ಬಡಜನರ ಭಾಗದಲ್ಲಿಯೇ. ಅವರಿಗಿಂತ ಮೊದಲೇ, 1973 ರಲ್ಲಿ, ಕಮ್ಯೂನಿಸ್ಟ್ ಪಕ್ಷದ ಸಚಿವರಾದ ಪೀಟರ್ ಕೆನೆಮನ್ನರು ಒಬ್ಬನು ಇಷ್ಟೇ ಮನೆಗಳನ್ನು ಹೊಂದಿರಬಹುದೆಂದು ಮಿತಿಯನ್ನು ವಿಧಿಸಿ ಶಾಸನವನ್ನು ಮಾಡಿದ್ದರು. ಅನೇಕ ಬಾಡಿಗೆದಾರರು ಅದರಿಂದ ಮಾಲೀಕರಾದರು. ಆದರೆ ಹೊಸಮನೆಗಳನ್ನು ಕಟ್ಟುವವರು ಯಾರೆಂಬ ಪ್ರಶ್ನೆಯು ಹಾಗೆಯೇ ಉಳಿಯಿತು.

1978 ರಲ್ಲಿ ಸರ್ಕಾರವು ಒಂದು ಲಕ್ಷ ಮನೆಗಳ ಯೋಜನೆಯನ್ನು ಕೈಗೊಂಡಿತು. ಅವುಗಳಲ್ಲಿ ಒಂದು ಭಾಗವನ್ನು ಸರ್ಕಾರದವರೇ ಕಂಟ್ರಾಕ್ಟರುಗಳ ಮೂಲಕ ಕಟ್ಟಿಸಿದರು; ಇನ್ನೊಂದು ಭಾಗದಲ್ಲಿ ಸಾಮಾನುಗಳನ್ನು ಸರ್ಕಾರವು ಕೊಟ್ಟಿತು, ಮೈದುಡಿಮೆಯನ್ನು ಜನರು ಕೊಟ್ಟರು. ಕಂಟ್ರಾಕ್ಟರು ಕಟ್ಟಿದ ಮನೆಗೆ ಹಣವು ಹೆಚ್ಚು ಹಿಡಿಯಿತೆಂದೂ, ಜನರು ತಾವೇ ನಿಂತು ಕಟ್ಟಿಕೊಂಡಲ್ಲಿ ಅದೇ ಹಣವು ದೂರಕ್ಕೆ ಬಂದಿತೆಂದೂ ಲೆಕ್ಕವು ತೋರಿಸಿತು. ಒಂದೂವರೆ ಕೋಟಿ ಜನರಿರುವ ದೇಶದಲ್ಲಿ ಈ ವೇಗದಿಂದ ಎಲ್ಲರಿಗೂ ಸೂರು ಆಗುವ ಕಾಲವು ಬಹು ದೂರವಿತ್ತು.

ಆಗ ಅವರು ಮಾಡಿದುದು ಧೈರ್ಯದ ಕಾರ್ಯ. 1984 ರಲ್ಲಿ ಹತ್ತು ಲಕ್ಷ ಮನೆಗಳ ಯೋಜನೆಯನ್ನು ಸಾರಿ, ಅದರಲ್ಲಿ ಕಟ್ಟುವ ಕಾರ್ಯವನ್ನು ಸರ್ಕಾರವು ಬಹುಮಟ್ಟಿಗೆ ಬಿಟ್ಟುಕೊಟ್ಟಿತು. ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂಬ ಗಾದೆಯನ್ನು ಅರಿತ ನಮ್ಮ ವಾಚಕರಿಗೆ, ಮನೆಯ ಭಾರವು ಯಾವಾಗಲೂ ಕಟ್ಟಿಸುವ ಗೃಹಸ್ಥನ ಮೇಲೆಯೇ ಇರುವುದೆಂದು ಹೇಳಬೇಕಾಗಿಲ್ಲ. ಹಳ್ಳಿಯ ಒಕ್ಕಲಿಗನು ಮರ, ಮಣ್ಣು, ಮೇಸ್ತ್ರಿ, ನೆಂಟರ ನೆರವು ಎಲ್ಲವನ್ನೂ ತಾನೇ ಕೂಡಿಸಿಕೊಂಡು ಯಾವ ಕಚೇರಿಯ ಮಂಜೂರಾತಿಯೂ ಇಲ್ಲದೆ ಕಟ್ಟುತ್ತಲೇ ಬಂದಿರುವನು. ಅವನಿಗೆ ದೊರೆಯದಿರುವುವು ನೆಲದ ಹಕ್ಕು, ಕಡಮೆ ಬಡ್ಡಿಯ ಸಾಲ, ನೀರು, ಚರಂಡಿ. ಇವನ್ನು ಒದಗಿಸುವುದೇ ಸರ್ಕಾರದ ಕೆಲಸವೆಂದೂ, ಉಳಿದುದನ್ನು ಅವನಿಗೇ ಬಿಡಬೇಕೆಂದೂ ಶ್ರೀಲಂಕೆಯವರು ನಿಶ್ಚಯಿಸಿದರು. ಚಿಕ್ಕಚಿಕ್ಕ ಸಾಲಗಳನ್ನು ಕೊಡಲಾಯಿತು: ಒಬ್ಬನು ಮಾಡನ್ನು ಹೊದಿಸಿಕೊಂಡನು, ಮತ್ತೊಬ್ಬನು ಬಾವಿಯನ್ನು ತೋಡಿಸಿಕೊಂಡನು, ಮೂರನೆಯವನು ಹೊಸದಾಗಿಯೇ ಕಟ್ಟಿದನು.

ನಗರದಲ್ಲಿ ಕಾರ್ಯವು ಇನ್ನೂ ಕಠಿಣವಾಗಿತ್ತು. ಕೊಲಂಬೊ ನಗರಸಭೆಯು 1979 ರಿಂದಲೇ ಕೇರಿಗಳಲ್ಲಿ ಜನರ ಅಭಿವೃದ್ಧಿ ಮಂಡಲಿಗಳನ್ನು ಏರ್ಪಡಿಸಿದ್ದಿತು. ಈಗ ಅಧಿಕಾರಿಗಳು ಆ ಮಂಡಲಿಯವರೊಡನೆ ಕೇರಿಯಲ್ಲಿಯೇ ಕುಳಿತು, ಓಣಿಯು ಎಲ್ಲಿ ಹಾಯಬೇಕು, ಯಾರ ಗೋಡೆಯು ಎಷ್ಟು ಹಿಂದಕ್ಕೆ ಸರಿಯಬೇಕೆಂದು ಗೆರೆಯನ್ನು ಎಳೆದರು. ಕಟ್ಟಡದ ನಿಯಮಗಳನ್ನು ಬಡವರಿಗಾಗಿ ಸಡಿಲಿಸಿ, ಎರಡು ಪರ್ಚಿನ, ಅಂದರೆ ಸುಮಾರು 50 ಚದರ ಮೀಟರಿನ ನಿವೇಶನವನ್ನೂ ಕಾನೂನಿಗೆ ಒಪ್ಪಿಗೆಯಾಗುವಂತೆ ಮಾಡಿದರು. ಚರಂಡಿ, ಬಾವಿ, ಪಾಯಖಾನೆಗಳ ಕೆಲಸವನ್ನು ಕಂಟ್ರಾಕ್ಟರಿಗೆ ಕೊಡದೆ ಮಂಡಲಿಗೇ ವಹಿಸಿದರು. ತಾನು ಬಳಸಬೇಕಾದ ಚರಂಡಿಯನ್ನು ತಾನೇ ಕಟ್ಟುವವನು ಸಿಮೆಂಟಿನಲ್ಲಿ ಮರಳನ್ನು ಹೆಚ್ಚು ಬೆರೆಸುವನೇ? ನಮ್ಮ ಪುರಸಭೆಗಳ ಕಾಮಗಾರಿಗಳನ್ನು ಬಲ್ಲ ಅಧಿಕಾರಿಗಳೇ ಉತ್ತರ ಕೊಡಲಿ.

ಈ ಪದ್ಧತಿಯು ಹೊರದೇಶಗಳಿಗೆ ಹೋದುದೇ ಶ್ರೀಲಂಕೆಯು ಜಗತ್ತಿಗೆ ಸಲ್ಲಿಸಿದ ನಿಜವಾದ ಕಾಣಿಕೆ. 1988 ರ ಡಿಸೆಂಬರಿನಲ್ಲಿ ಮಹಾಸಭೆಯು ಅಂಗೀಕರಿಸಿದ, 2000 ನೆಯ ಇಸವಿಯವರೆಗಿನ ವಸತಿ ನೀತಿಯು, ಸರ್ಕಾರಗಳು ತಾವೇ ಕಟ್ಟುವುದನ್ನು ಬಿಟ್ಟು ಜನರು ಕಟ್ಟಲು ಅನುಕೂಲವನ್ನು ಕಲ್ಪಿಸಬೇಕೆಂದು ಸ್ಪಷ್ಟವಾಗಿ ಹೇಳಿತು. ಕೊಲಂಬೊ ಕೇರಿಗಳ ಮಂಡಲಿ ಗುತ್ತಿಗೆಯ ಕ್ರಮವನ್ನು ವಿಶ್ವಸಂಸ್ಥೆಯವರು ತರುವಾಯ ಅಫ್ಘಾನಿಸ್ತಾನ ಮೊದಲಾದ ನೊಂದ ದೇಶಗಳಲ್ಲಿ ಅನುಸರಿಸಿದರು.

ದೋಷಗಳಿರಲಿಲ್ಲವೆಂದು ಅಲ್ಲ. ಹತ್ತು ಲಕ್ಷವೆಂಬ ಸಂಖ್ಯೆಯಲ್ಲಿ ದುರಸ್ತಿ ಮಾಡಿಕೊಂಡ ಹಳೆಯ ಮನೆಗಳೂ ಸೇರಿದ್ದುವು. ರಾಜಕಾರಣಿಯು ಕೊಟ್ಟ ಸಾಲವನ್ನು ತೀರಿಸಬೇಕಾಗಿಲ್ಲವೆಂಬ ಭಾವನೆಯು ಹಬ್ಬಿ ವಸೂಲಿಯು ಕುಸಿಯಿತು. ಗಾಮ್ ಉದಾವ ಎಂಬ ಗ್ರಾಮೋದಯದ ಉತ್ಸವಗಳು ಪ್ರೇಮದಾಸರ ಹುಟ್ಟುಹಬ್ಬದ ಸುಮಾರಿಗೆ ಪ್ರತಿವರ್ಷವೂ ಜಾತ್ರೆಯಂತೆ ನಡೆದುವು. ಆ ವೆಚ್ಚದಲ್ಲಿ ಇನ್ನೆಷ್ಟು ಸೂರುಗಳಾಗಬಹುದಾಗಿತ್ತೆಂದು ಕೇಳಿದವರು ತಪ್ಪು ಮಾಡಲಿಲ್ಲ. ಎಲ್ಲಕ್ಕಿಂತ ಘೋರವಾದುದು ಬೇರೆ. ಜಗತ್ತಿಗೆ ವಸತಿಯ ಪಾಠವನ್ನು ಹೇಳಹೊರಟ ಆ ದೇಶದ ರಾಜಧಾನಿಯಲ್ಲಿಯೇ 1983 ರ ಜುಲೈನಲ್ಲಿ ತಮಿಳರ ಮನೆಗಳಿಗೆ ಬೆಂಕಿಯಿಟ್ಟರು. ಆ ಮೇಲಣ ಯುದ್ಧವು 2009 ರವರೆಗೆ ಉರಿಯಿತು. ಪ್ರೇಮದಾಸರೂ, ಅಧ್ಯಕ್ಷರಾಗಿದ್ದಾಗ, 1993 ರ ಮೇ 1 ರಂದು ಬಾಂಬಿಗೆ ಬಲಿಯಾದರು.

ಯುದ್ಧವು ಮುಗಿದ ಮೇಲೆ ಭಾರತವು ಐವತ್ತು ಸಾವಿರ ಮನೆಗಳ ನೆರವನ್ನು ಸಾರಿತು. ಅವುಗಳಲ್ಲಿ 46,000 ಉತ್ತರ ಪೂರ್ವ ಪ್ರಾಂತಗಳಿಗೆ. 2012 ರಿಂದ ಆರಂಭವಾದ ಮುಖ್ಯ ಹಂತದಲ್ಲಿ ಕಂಪೆನಿಗಳು ಮನೆ ಕಟ್ಟಿಕೊಡಲಿಲ್ಲ; ಕುಟುಂಬವೊಂದಕ್ಕೆ ಲಂಕೆಯ ಐದೂವರೆ ಲಕ್ಷ ರೂಪಾಯಿಗಳನ್ನು ಕಂತುಕಂತಾಗಿ ಬ್ಯಾಂಕಿನ ಲೆಕ್ಕಕ್ಕೆ ಕಟ್ಟಿ, ಮನೆಯೊಡೆಯನೇ ಕಟ್ಟಿಕೊಳ್ಳುವಂತೆ ಮಾಡಲಾಯಿತು. ವಿಶ್ವಸಂಸ್ಥೆಯ ವಸತಿ ವಿಭಾಗವು ಮೇಲ್ವಿಚಾರಣೆಯನ್ನು ಹೊತ್ತವರಲ್ಲಿ ಒಂದಾಗಿತ್ತು. 1984 ರ ಸೂತ್ರವು ಹೀಗೆ, ಭಾರತದ ಹಣದೊಡನೆ, ತವರಿಗೆ ಮರಳಿತು.

ಆದರೆ ಕೊಲಂಬೊ ನಗರವು ಬೇರೆಯ ಹಾದಿಯನ್ನು ಹಿಡಿದಿತ್ತು. 2010 ರಲ್ಲಿ ಅಲ್ಲಿಯ ನಗರಾಭಿವೃದ್ಧಿ ಪ್ರಾಧಿಕಾರವನ್ನು ರಕ್ಷಣಾ ಇಲಾಖೆಗೆ ಒಪ್ಪಿಸಿದರು. ವತ್ತಗಳ ನಿವಾಸಿಗಳನ್ನು ಎಬ್ಬಿಸಿ ಬಹುಮಹಡಿಯ ಕಟ್ಟಡಗಳಿಗೆ ಏರಿಸುವುದೂ, ಬಿಡುವಾದ ನೆಲವನ್ನು ವ್ಯಾಪಾರಕ್ಕೆ ಒದಗಿಸುವುದೂ ನೀತಿಯಾಯಿತು. ಮುಂಬಾಗಿಲಿನಲ್ಲಿ ತಿಂಡಿ ಮಾರಿ ಬದುಕುತ್ತಿದ್ದ ಹೆಂಗಸು ಹತ್ತನೆಯ ಮಹಡಿಯಲ್ಲಿ ಏನನ್ನು ಮಾರುವಳೆಂದು ಯಾರೂ ಗೆರೆಯೆಳೆದು ಕೇಳಲಿಲ್ಲ.

ಇನ್ನು ಚಹತೋಟಗಳ ಕೂಲಿಗಳು. ಒಂದು ಶತಮಾನಕ್ಕೂ ಹಿಂದೆ ತಮಿಳುನಾಡಿನಿಂದ ಹೋದವರ ಸಂತತಿಯು ಹತ್ತಡಿ ಹನ್ನೆರಡಡಿಯ ಲೈನ್ ಕೋಣೆಗಳಲ್ಲಿ ಬಾಳುತ್ತ ಬಂದಿತು. ನೆಲವು ತೋಟಕ್ಕೆ ಸೇರಿದುದಾಗಿದ್ದ ಕಾರಣ, ಸ್ವಂತ ನೆಲದಲ್ಲಿ ಕಟ್ಟಿಕೊಳ್ಳುವವರಿಗೆಂದು ರಚಿತವಾದ ಹತ್ತು ಲಕ್ಷ ಮನೆಗಳ ಯೋಜನೆಯ ಫಲವು ಅವರಿಗೆ ಸರಿಯಾಗಿ ಮುಟ್ಟಲಿಲ್ಲ. ಭಾರತದ ನೆರವಿನಲ್ಲಿ 4,000 ಮನೆಗಳನ್ನು ಅವರಿಗೆಂದು ಇಡಲಾಯಿತು. 2017 ರ ಮೇ ತಿಂಗಳಲ್ಲಿ ಇನ್ನೂ 10,000 ಕ್ಕೆ ವಾಗ್ದಾನವು ದೊರೆಯಿತು. ಮನೆಗೆ ಏಳು ಪರ್ಚ್ ನೆಲ, ಅದಕ್ಕೆ ಹಕ್ಕುಪತ್ರ. ಆ ಪತ್ರವು ಪ್ರತಿಯೊಂದು ಲೈನಿನ ಕುಟುಂಬಕ್ಕೂ ಎಂದು ತಲಪುವುದೆಂಬುದನ್ನು ಕೊಲಂಬೊ ಸರ್ಕಾರವು ಹೇಳಬೇಕಾಗಿದೆ.