ಹಸುಗೂಸಿನ ಮೊದಲ ತಪಾಸಣೆಗೆ ಸಿದ್ಧತೆ

ಮೊಳಕೆಯೊಡೆದ ಪೈರಿನಂತೆ ಹಸುಗೂಸಿಗೂ ಮೊದಲ ವಾರಗಳು ನಾಜೂಕಾದವು. ಹೆರಿಗೆಯಾದ ಕೂಡಲೆ ಬಿ.ಸಿ.ಜಿ., ಪೋಲಿಯೋ ಹನಿ ಮತ್ತು ಹೆಪಟೈಟಿಸ್-ಬಿ ಲಸಿಕೆಗಳನ್ನು ಕೊಡಲಾಗುತ್ತದೆ. ೬ ವಾರ ತುಂಬಿದಾಗ ಮಗುವನ್ನು ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಕರೆದೊಯ್ಯಬೇಕು. ಅಂದು ಪೋಲಿಯೋ, ರೋಟಾ, ನ್ಯುಮೋಕಾಕಲ್ ಹಾಗೂ ಐದು ರೋಗಗಳನ್ನು ತಡೆಯುವ ಪೆಂಟಾವೇಲೆಂಟ್ ಲಸಿಕೆಗಳನ್ನು ಹಾಕುವರು.

ಹೊರಡುವ ಮುನ್ನ ಗಮನಿಸಬೇಕಾದ ಅಂಶಗಳು:

೧. ತಾಯಿ ಕಾರ್ಡನ್ನು ತಪ್ಪದೆ ಒಯ್ಯಬೇಕು. ಹುಟ್ಟಿದಾಗಿನ ತೂಕ, ಹಾಕಿಸಿದ ಲಸಿಕೆಗಳ ವಿವರ ಅದರಲ್ಲಿರುತ್ತದೆ.

೨. ಮಗು ದಿನಕ್ಕೆ ಎಷ್ಟು ಸಲ ಹಾಲು ಕುಡಿಯುತ್ತದೆ, ಎಷ್ಟು ಸಲ ಮೂತ್ರ ಮಾಡುತ್ತದೆ ಎಂಬುದನ್ನು ಎಣಿಸಿಟ್ಟಿರಬೇಕು. ಮೂತ್ರ ೬ ಸಲಕ್ಕಿಂತ ಕಡಿಮೆಯಿದ್ದರೆ ವೈದ್ಯರಿಗೆ ತಿಳಿಸಬೇಕು.

೩. ಜೇನು, ಹರಳೆಣ್ಣೆ, ಬಜೆ ತಿನ್ನಿಸಿದ್ದರೆ ಮುಚ್ಚಿಡದೆ ಹೇಳಬೇಕು. ೬ ತಿಂಗಳವರೆಗೆ ಎದೆಹಾಲೊಂದೇ ಸಾಕು.

ಸಾಧಾರಣ ನೆಗಡಿಯಿದೆಯೆಂದು ಲಸಿಕೆಯನ್ನು ಮುಂದೂಡಬೇಕಾಗಿಲ್ಲ. ಚುಚ್ಚಿದ ಜಾಗಕ್ಕೆ ಏನನ್ನೂ ಹಚ್ಚಬಾರದು. ಲಸಿಕೆಯ ನಂತರ ಒಂದೆರಡು ದಿನ ಸ್ವಲ್ಪ ಜ್ವರ ಬರಬಹುದು; ಅದಕ್ಕೇನು ಮಾಡಬೇಕೆಂದು ಅಲ್ಲಿಯೇ ಕೇಳಿ ತಿಳಿಯಬೇಕು.

ಆದರೆ ಮಗು ಹಾಲು ಬಿಟ್ಟರೆ, ಲಸಿಕೆಗೆ ಮೊದಲೇ ಜ್ವರ ಬಂದರೆ, ಮೈ ತಣ್ಣಗಾದರೆ, ಉಸಿರಾಟ ನಿಮಿಷಕ್ಕೆ ೬೦ಕ್ಕಿಂತ ಹೆಚ್ಚಾದರೆ, ಫಿಟ್ಸ್ ಬಂದರೆ ಅಥವಾ ಅಂಗೈ ಅಂಗಾಲು ಹಳದಿಯಾದರೆ ೬ ವಾರ ಕಾಯಬಾರದು. ಅಂದೇ ಆಸ್ಪತ್ರೆಗೆ ಒಯ್ಯಬೇಕು. ಹೊಲದ ಕೆಲಸ ಒಂದು ದಿನ ತಡವಾದರೂ ನಡೆದೀತು, ಇದು ತಡವಾಗಬಾರದು.